ಗುಹೆ ಅವರಿಗೆ ಮೋಜು, ಬೇಲಿ ನಮ್ಮ ಪಾಲಿಗೆ

ಕೋಲಾರದ ಬೋಳು ಬೆಟ್ಟಗಳ ಮೇಲೆ ಈಚೀಚೆಗೆ ಬೆಂಗಳೂರಿಗೆ ಎಲ್ಲಿಲ್ಲದ ಪ್ರೀತಿ ಉಕ್ಕಿದೆ. ಎಪ್ಪತ್ತು ಕಿಲೋಮೀಟರು ದೂರದಿಂದ ವ್ಯಾನು ಮಾಡಿಕೊಂಡು ಬಂದು ಅಂತರಗಂಗೆಯ ಬುಡದಲ್ಲಿ ಇಳಿಯುತ್ತಾರೆ. ತಲೆಗೆ ಕಟ್ಟಿದ ಟಾರ್ಚು, ಮಂಡಿಗೆ ಚಿಪ್ಪು, ಬೆನ್ನಿಗೆ ಚೀಲ. ಬಂಡೆಯ ಮೇಲೆ ಬಂಡೆ ಉರುಳಿ ಆದ ಸಂದುಗಳಲ್ಲಿ ತೆವಳಿಕೊಂಡು ಹೋಗಿ, ಆಚೆ ಬಂದು, ಹುಟ್ಟುವ ಸೂರ್ಯನ ಮುಂದೆ ಫೋಟೋ ಹಿಡಿಸಿಕೊಂಡು ವಾಪಸಾಗುತ್ತಾರೆ. ಇದಕ್ಕೆ ಗುಹಾನ್ವೇಷಣೆ ಎಂದು ಒಂದು ಹೆಸರು. ಪರಿಸರ ಪ್ರವಾಸ ಎಂದು ಇನ್ನೊಂದು ಹೆಸರು. ರಾತ್ರಿ ಚಾರಣದ ಈ ಸರಕನ್ನು ವರ್ಷಗಟ್ಟಲೆ ಮಾರಿದ್ದಾರೆ.

ನಮ್ಮ ಕೇರಿಯ ಹುಡುಗನೊಬ್ಬ ಅಂಥ ಒಂದು ಗುಂಪಿಗೆ ಗುಡಾರ, ನೀರಿನ ಕ್ಯಾನು ಹೊರುವ ಕೂಲಿಗೆ ಹೋಗಿದ್ದ. ಬಂಡೆಯ ಬಾಯಲ್ಲಿ ನಿಂತು ಗುಂಪಿನ ಮುಂದಾಳು ಭಾಷಣ ಮಾಡಿದನಂತೆ: "ಇದು ಮನುಷ್ಯರ ಕಾಲೇ ಬೀಳದ ಗುಹೆ." ನಮ್ಮ ಹುಡುಗ ತಡೆಯಲಾರದೆ ನಕ್ಕುಬಿಟ್ಟ. "ಯಾಕೋ ನಗ್ತೀಯ?" ಅಂದರೆ, "ಏನಿಲ್ಲ ಸಾರ್, ನಮ್ ತಾತ ಮಳೆ ಬಂದಾಗ ಇಲ್ಲೇ ಮ್ಯಾಕೆ ಕಟ್ತಿದ್ದ" ಅಂದ. ಮಾರನೆಯ ವಾರದಿಂದ ಅವನಿಗೆ ಕೂಲಿಗೆ ಕರೆ ಬರಲಿಲ್ಲ.

ನಮ್ಮ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ನಮ್ಮ ತಾತನ ಕಾಲು ಕಾಲಲ್ಲವೆ? ಅಥವಾ ನಮ್ಮ ತಾತ ಮನುಷ್ಯನಲ್ಲವೆ?

ಈ ಬಂಡೆ ಸಂದುಗಳಿಗೆ ನಮ್ಮವರದೊಂದು ಚರಿತ್ರೆ ಇದೆ. ಅದನ್ನು ಯಾವ ರಾಜನೂ ಶಾಸನದಲ್ಲಿ ಕೆತ್ತಿಸಲಿಲ್ಲ. ಒಡೆಯನ ಬಾರುಕೋಲಿಗೆ ಹೆದರಿ ಓಡಿಬಂದ ಜೀತದಾಳೊಬ್ಬ ಮೂರು ರಾತ್ರಿ ಇಂಥ ಸಂದಿನಲ್ಲಿ ಅಡಗಿಕೊಂಡಿದ್ದ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಹುಡುಕಿಕೊಂಡು ಬಂದ ಒಡೆಯನ ಆಳುಗಳು ದೀವಟಿಗೆ ಹಿಡಿದು ಬಗ್ಗಿ ನೋಡಿದರು. ಬಾವಲಿಗಳು ಮುಖಕ್ಕೆ ರಪ್ಪನೆ ಹಾರಿದವು. "ಒಳಗೆ ದೆವ್ವ ಐತೆ" ಅಂತ ಅವರು ಓಡಿಹೋದರು. "ಬಾವಲಿ ನಮ್ಮೋನ ಜೀವ ಉಳಿಸ್ತು ಕಣಪ್ಪಾ, ಅದಕ್ಕೆ ಕಲ್ಲು ಹೊಡೀಬ್ಯಾಡ" ಎಂದು ಅಜ್ಜಿ ಕಥೆ ಮುಗಿಸುತ್ತಿದ್ದಳು. ಜೀತ ಕಾನೂನಿನ ಪ್ರಕಾರ ರದ್ದಾಗಿದ್ದು 1976ರಲ್ಲಿ. ಅಲ್ಲಿಯವರೆಗೆ ನಮ್ಮವರ ಪಾಲಿಗೆ ಕೋರ್ಟು, ಠಾಣೆ, ಛತ್ರ ಎಲ್ಲವೂ ಆ ಬಂಡೆ ಸಂದೇ.

ನೆಲದ ಒಳಗೆ ನುಗ್ಗುವುದನ್ನು ಸಾಹಸ ಅನ್ನುವುದಾದರೆ, ಇದೇ ಜಿಲ್ಲೆಯಲ್ಲಿ ನಮ್ಮವರಿಗಿಂತ ದೊಡ್ಡ ಸಾಹಸಿಗಳು ಯಾರಿದ್ದಾರೆ? ಕೋಲಾರದ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ತಮಿಳುನಾಡಿನ ಕಡೆಯಿಂದ ಬಂದ ದಲಿತರೇ ಆ ಗಣಿಯ ಕೂಲಿಗಳಲ್ಲಿ ಬಹುಪಾಲು. ಬಂಡೆ ಸಿಡಿದು ಸತ್ತರು. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಲ್ಲಾಗಿ ಸತ್ತರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋದಲ್ಲಿಗೆ ಹೋಯಿತು, ಸಯನೈಡ್ ಮಣ್ಣಿನ ಗುಡ್ಡ ನಮ್ಮವರ ಮನೆಯ ಹಿತ್ತಲಲ್ಲಿ ಉಳಿಯಿತು. ಅವರ ಕೊರಳಿಗೆ ಯಾರೂ ಪದಕ ಹಾಕಲಿಲ್ಲ. ಐವತ್ತು ಅಡಿ ತೆವಳಿದವನಿಗೆ ಈಗ ಪ್ರಮಾಣಪತ್ರ ಕೊಡುತ್ತಾರೆ.

ಇಷ್ಟು ಹೇಳಿ ಸುಮ್ಮನಾದರೆ ಅದು ಬರೀ ಹೊಟ್ಟೆಯುರಿಯಾಗುತ್ತದೆ. ಆದ್ದರಿಂದ ಗುಹೆಯ ಒಳಗೇ ಹೋಗೋಣ. ಅಲ್ಲಿ ಇನ್ನೊಬ್ಬ ಬಡವನಿದ್ದಾನೆ.

ನಮ್ಮ ಕೋಲಾರ ಜಿಲ್ಲೆಯ ಹನುಮನಹಳ್ಳಿಯಲ್ಲಿ ಒಂದು ಸಣ್ಣ ಕಲ್ಲುಗುಹೆ ಇದೆ. ಅದರಲ್ಲಿ ಒಂದು ಬಗೆಯ ಬಾವಲಿ ವಾಸವಾಗಿದೆ. ಮೂಗಿನ ಮೇಲೆ ಎಲೆಯ ಹಾಗೆ ಮಡಿಕೆಯಾದ ಚರ್ಮ. ಕೋಲಾರದ ಎಲೆಮೂಗಿನ ಬಾವಲಿ ಅಂತ ಅದರ ಹೆಸರು. ಅದು ಬೇರೆಯದೇ ಒಂದು ಪ್ರಭೇದ ಎಂದು ವಿಜ್ಞಾನಿಗಳು ಬರೆದಿಟ್ಟಿದ್ದು 1994ರಲ್ಲಿ. ಇಡೀ ಪ್ರಪಂಚದಲ್ಲಿ ಅದು ಕಂಡಿದ್ದು ಎರಡೇ ಕಡೆ: ಹನುಮನಹಳ್ಳಿ ಮತ್ತು ಅಂತರಗಂಗೆ ಬೆಟ್ಟದ ಮೇಲಿನ ತೇರಹಳ್ಳಿ. ತೇರಹಳ್ಳಿಯಲ್ಲಿ ಈಗ ಒಂದೂ ಇಲ್ಲ. ಹನುಮನಹಳ್ಳಿಯ ಆ ಒಂದೇ ಗುಹೆಯಲ್ಲಿ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2016ರಲ್ಲಿ ಅದನ್ನು ಅಳಿವಿನ ಕಟ್ಟಕಡೆಯ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಲೆಕ್ಕ ಹಾಕಿ ನೋಡಿ, ಗೆಳೆಯರೇ. ನಮ್ಮ ಊರಿನ ಒಂದು ಮದುವೆ ಪಂಕ್ತಿಯಲ್ಲಿ ಕೂರುವಷ್ಟು ಜೀವಗಳು. ಅಷ್ಟೇ ಇಡೀ ಕುಲ. ಒಂದು ಡೈನಮೈಟು ಸಾಕು. ಒಂದು ರಾತ್ರಿ ಹೊಗೆ ಸಾಕು.

ಈ ಬಾವಲಿಯನ್ನು ನಾವು ಅಪಶಕುನ ಅನ್ನುತ್ತೇವೆ. ತಲೆಕೆಳಗಾಗಿ ನೇತಾಡುವ ದರಿದ್ರ ಅನ್ನುತ್ತೇವೆ. ಅದು ಕತ್ತಲಾದ ಮೇಲೆ ಹೊರಟು, ನಮ್ಮ ಹೊಲ ತೋಟಗಳ ಮೇಲೆ ಹಾರಾಡುವ ಹುಳುಹುಪ್ಪಟೆ ತಿನ್ನುತ್ತದೆ. ಕೋಲಾರದ ಟೊಮೆಟೊ ಬೆಳೆಗಾರ ಅಂಗಡಿಯಲ್ಲಿ ಸಾಲ ಬರೆಸಿ ಔಷಧಿ ತಂದು ಹೊಡೆಯುತ್ತಾನೆ. ಕೂಲಿಯಿಲ್ಲದೆ ರಾತ್ರಿಯೆಲ್ಲ ಕೆಲಸ ಮಾಡಿ, ಬೆಳಗಾಗುವ ಮೊದಲು ಯಾರ ಕಣ್ಣಿಗೂ ಬೀಳದೆ ಊರಾಚೆಯ ಕತ್ತಲಿಗೆ ಹಿಂದಿರುಗುವ ಜೀವಕ್ಕೆ 'ದರಿದ್ರ' ಎಂದು ಹೆಸರು. ಈ ಕಥೆ ನಮಗೆ ಎಲ್ಲೋ ಕೇಳಿದ ಹಾಗಿಲ್ಲವೆ?

ಇನ್ನೊಂದು ಮಾತು. ಆ ಗುಹೆಯಲ್ಲಿ ಬೇರೆ ಜಾತಿಯ ಎಲೆಮೂಗಿನ ಬಾವಲಿಗಳೂ ಜೊತೆಗಿವೆ. ಒಂದೇ ಸೂರು, ಒಂದೇ ಬಾಗಿಲು. ನಮ್ಮ ಊರುಗಳಲ್ಲಿ ಮನುಷ್ಯರಿಗೆ ಇದು ಇನ್ನೂ ಆಗಿಲ್ಲ.

ಕಾನೂನು ಈ ಜೀವಿಗಳನ್ನು ಹೇಗೆ ನೋಡಿತು ಗೊತ್ತೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಐದನೆಯ ಪಟ್ಟಿ ಅಂತ ಒಂದಿತ್ತು. ಹಣ್ಣು ತಿನ್ನುವ ಬಾವಲಿಗಳನ್ನು ಕಾಗೆ, ಇಲಿಗಳ ಜೊತೆ ಅದರಲ್ಲಿ ಸೇರಿಸಿ 'ಪೀಡೆ' ಎಂದು ಬರೆದಿದ್ದರು. ಯಾರು ಬೇಕಾದರೂ ಕೊಲ್ಲಬಹುದು, ಕೇಸಿಲ್ಲ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಐವತ್ತು ವರ್ಷ ಬೇಕಾಯಿತು. ಅದಕ್ಕೂ ನೂರು ವರ್ಷ ಮುಂಚೆ, 1871ರಲ್ಲಿ, ಬ್ರಿಟಿಷರು ಮನುಷ್ಯರಿಗೇ ಇಂಥದೊಂದು ಪಟ್ಟಿ ಮಾಡಿದ್ದರು. ಅಲೆಮಾರಿಗಳ ಕುಲಕ್ಕೆ ಕುಲವನ್ನೇ ಹುಟ್ಟಾ ಅಪರಾಧಿಗಳು ಎಂದು ಬರೆದರು. ಆ ಕಾಯ್ದೆ 1952ರಲ್ಲಿ ಸತ್ತಿತು. ಠಾಣೆಯ ಮನಸ್ಸಿನೊಳಗಿನ ಪಟ್ಟಿ ಸತ್ತಿದೆಯೆ? ಊರಲ್ಲಿ ಕಳ್ಳತನವಾದರೆ ಜೀಪು ಮೊದಲು ಯಾವ ಹಟ್ಟಿಗೆ ಬರುತ್ತದೆ?

ಗಡಿಯಾಚೆಯ ತೆಲುಗು ನೆಲದ ದಲಿತ ಕವಿ ಗುರ್ರಂ ಜಾಷುವಾ 1941ರಲ್ಲಿಯೇ ಈ ನಂಟನ್ನು ಕಂಡಿದ್ದರು. ಅವರ ಕಾವ್ಯದ ಹೆಸರೇ 'ಗಬ್ಬಿಲಂ', ಅಂದರೆ ಬಾವಲಿ. ಗುಡಿಯೊಳಗೆ ಕಾಲಿಡಲಾರದ ಅಸ್ಪೃಶ್ಯನೊಬ್ಬ ಕಾಶಿಯ ಶಿವನಿಗೆ ತನ್ನ ಗೋಳನ್ನು ಬಾವಲಿಯ ಕೈಲಿ ಹೇಳಿ ಕಳಿಸುತ್ತಾನೆ. ಯಾಕೆಂದರೆ ಗರ್ಭಗುಡಿಯ ಸೂರಿಗೆ ನೇತುಬಿದ್ದ ಬಾವಲಿಯನ್ನು ಪೂಜಾರಿ ತಡೆಯುವುದಿಲ್ಲ. ನಮ್ಮ ಅಂತರಗಂಗೆಯಲ್ಲಿರುವ ದೇವರೂ ಕಾಶಿ ವಿಶ್ವೇಶ್ವರನೇ. ಆ ಬೆಟ್ಟದ ಮೇಲಿನ ತೇರಹಳ್ಳಿಯಲ್ಲಿ ಈ ಬಾವಲಿ ಇಲ್ಲವಾಯಿತು. ನಮ್ಮ ಸುದ್ದಿ ಒಯ್ಯಲು ಉಳಿದಿರುವುದು ಹನುಮನಹಳ್ಳಿಯ ಇನ್ನೂರು ಮಾತ್ರ.

ಈಗ ಶತ್ರು ಯಾರು ಅನ್ನುವ ವಿಷಯಕ್ಕೆ ಬರೋಣ.

ಮೊದಲ ಶತ್ರು ಕಲ್ಲಿನ ದಂಧೆ. ಈ ಜಿಲ್ಲೆಯ ಗುಡ್ಡಗಳನ್ನು ಅಡಿಗಟ್ಟಲೆ ಕೊಯ್ದು ಲಾರಿಗೇರಿಸಿದ್ದಾರೆ. ಹನುಮನಹಳ್ಳಿಯ ಬಾವಲಿಗೂ ದೊಡ್ಡ ಗಂಡಾಂತರ ಬಂದಿದ್ದು ಕಲ್ಲು ಗಣಿಗಾರಿಕೆಯಿಂದಲೇ. ಬಾವಲಿಗಳ ಬಗ್ಗೆ ಕಾಳಜಿಯಿದ್ದ ಕೆಲವರು ಬೆನ್ನು ಹತ್ತಿದ ಮೇಲೆ ಅರಣ್ಯ ಇಲಾಖೆ ಗುಹೆಯ ಸುತ್ತ ಸುಮಾರು 30 ಎಕರೆಯನ್ನು ರಕ್ಷಿತವೆಂದು ಘೋಷಿಸಿತು. ಒಳ್ಳೆಯದಾಯಿತು. ಇದನ್ನು ನಾವು ಬಾಯ್ತುಂಬ ಹೇಳುತ್ತೇವೆ. ಆದರೆ ಒಂದು ಕ್ವಾರಿ ನಿಂತಾಗ ಏನಾಗುತ್ತದೆ ಎಂದು ಪರಿಸರದ ಮಿತ್ರರು ಕೇಳಿಸಿಕೊಳ್ಳಬೇಕು. ಕ್ವಾರಿಯ ಯಜಮಾನ ಯಂತ್ರಗಳನ್ನು ಲಾರಿಗೆ ಹಾಕಿಕೊಂಡು ಪಕ್ಕದ ತಾಲ್ಲೂಕಿಗೆ ಹೋಗುತ್ತಾನೆ. ಅವನಿಗೆ ಇನ್ನೊಂದು ಗುಡ್ಡ ಸಿಗುತ್ತದೆ. ಉಳಿ ಸಮ್ಮಟಿಗೆ ಹಿಡಿದಿದ್ದ ಭೋವಿ ಅಣ್ಣ, ಜಲ್ಲಿ ಹೊತ್ತಿದ್ದ ನಮ್ಮ ಅಕ್ಕ ಎಲ್ಲಿಗೆ ಹೋಗಬೇಕು? ಅವರ ಬೆನ್ನ ಮೇಲಿನ ಮುಂಗಡ ಸಾಲ ಕ್ವಾರಿ ಮುಚ್ಚಿದ ದಿನ ಮುಚ್ಚಿಹೋಗುವುದಿಲ್ಲ. ಕದ್ದು ಬಂಡೆ ಹೊಡೆದ ಕೇಸು ಬಿದ್ದರೆ ಹೆಸರು ಯಾರದು ಬೀಳುತ್ತದೆ? ಸಮ್ಮಟಿಗೆಯವನದು. ಬಂಡೆ ಒಯ್ದವನ ಹೆಸರು ಎಫ್‌ಐಆರ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಎರಡನೆಯವನು ನಗುನಗುತ್ತಾ ಬರುತ್ತಾನೆ. ಕ್ವಾರಿ ಬೇಡ, ಪ್ರವಾಸೋದ್ಯಮ ಮಾಡೋಣ ಅನ್ನುತ್ತಾನೆ. ಗುಹೆ ಉಳಿಯುತ್ತೆ, ನಿಮಗೆ ಕೆಲಸ ಸಿಗುತ್ತೆ ಅನ್ನುತ್ತಾನೆ. ಕೇಳಲು ಚೆನ್ನಾಗಿದೆ. ನಾವು ಎರಡು ಪ್ರಶ್ನೆ ಕೇಳುತ್ತೇವೆ.

ಒಂದು: ಗುಹೆ ನಿಜವಾಗಿ ಉಳಿಯುತ್ತದೆಯೆ? ಇಂಥ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಮರಿಯನ್ನು ಎದೆಗವಚಿಕೊಂಡ ತಾಯಿಯ ಮುಖಕ್ಕೆ ಇಪ್ಪತ್ತು ಟಾರ್ಚು ಹಿಡಿದರೆ ಅದು ಬೆದರಿ ಹಾರುತ್ತದೆ. ಮರಿ ಕೆಳಗೆ ಬೀಳುತ್ತದೆ. ಬಿದ್ದ ಮರಿ ಸತ್ತ ಹಾಗೆಯೇ. ಕೆಣಕಿದ ಗುಹೆಯನ್ನು ಬಾವಲಿಗಳು ಬಿಟ್ಟುಹೋಗುತ್ತವೆ. ಅವು ಅರ್ಜಿ ಕೊಟ್ಟು, ಕಾರಣ ಬರೆದು ಹೋಗುವುದಿಲ್ಲ. ಒಂದು ದಿನ ಹೋಗಿ ನೋಡಿದರೆ ಇರುವುದಿಲ್ಲ, ಅಷ್ಟೆ. ತೇರಹಳ್ಳಿಯಲ್ಲಿ ಇಲ್ಲವಾದ ಮೇಲೂ ನಮಗೆ ಬುದ್ಧಿ ಬರಬಾರದೆ?

ನಾವು ಪ್ರವಾಸಿಗರ ವಿರೋಧಿಗಳಲ್ಲ. ಎಲ್ಲ ಗುಹೆಯೂ ಒಂದೇ ಅಲ್ಲ ಅನ್ನುವುದು ನಮ್ಮ ಮಾತು. ಆಂಧ್ರದ ಬೇಲಂ ಗುಹೆಗಳನ್ನು ನೋಡಿ. ಈಗಿನ ನಂದ್ಯಾಲ ಜಿಲ್ಲೆಯಲ್ಲಿವೆ. ನೀರು ಸುಣ್ಣಕಲ್ಲನ್ನು ಕೊರೆದು ಮಾಡಿದ 3,229 ಮೀಟರ್ ಉದ್ದದ ಗುಹೆ. 1982–83ರಲ್ಲಿ ಜರ್ಮನಿಯ ತಂಡವೊಂದು ಅದನ್ನು ಅಳೆದು ನಕ್ಷೆ ಮಾಡಿತು. ಕಸ ಸುರಿಯುವ ಗುಂಡಿಯಾಗಿದ್ದ ಅದನ್ನು ಸ್ಥಳೀಯರು ಮುಂದೆ ನಿಂತು ಉಳಿಸಿಕೊಂಡರು. 2002ರಲ್ಲಿ ಜನಕ್ಕೆ ತೆರೆದರು. ಅದರಲ್ಲೂ ಪ್ರವಾಸಿಗಳಿಗೆ ಬಿಟ್ಟಿರುವುದು ಅರ್ಧದಷ್ಟನ್ನು ಮಾತ್ರ. ಅಷ್ಟು ದೊಡ್ಡ ಗುಹೆಗೆ ಅದು ನಡೆಯುತ್ತದೆ. ನಮ್ಮದು ಕಪ್ಪುಬಂಡೆಯ ನಾಡು. ಇಲ್ಲಿ ನೀರು ಕೊರೆದ ಅರಮನೆಗಳಿಲ್ಲ, ಬಂಡೆಗಳ ನಡುವಿನ ಸಂದುಗಳಿವೆ. ಹತ್ತು ಜನ ನುಗ್ಗಿದರೆ ಒಳಗಿನ ಜೀವಕ್ಕೆ ಸರಿದು ಕೂರಲು ಇನ್ನೊಂದು ಮೂಲೆಯಿಲ್ಲ. ಒಂದೇ ಕೋಣೆಯ ಗುಡಿಸಿಲಲ್ಲಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡು: ಕೆಲಸ ಸಿಗುತ್ತದೆ ಅನ್ನುತ್ತೀರಲ್ಲ, ಯಾವ ಕೆಲಸ? ಕಂಪನಿ ಬೆಂಗಳೂರಿನದು. ಮುಂದಾಳು ಬೆಂಗಳೂರಿನವನು. ಹಣ ಬೆಂಗಳೂರಿನಲ್ಲೇ ಮೊಬೈಲಿನಲ್ಲಿ ಸಂದಾಯವಾಗುತ್ತದೆ. ನಮಗೆ ಉಳಿಯುವುದು ಹೊರೆ ಹೊರುವುದು, ಪ್ಲಾಸ್ಟಿಕ್ಕು ಹೆಕ್ಕುವುದು, ಕಕ್ಕಸು ತೊಳೆಯುವುದು. ಹೊಸ ಉದ್ಯಮವೇನೋ ಬಂತು, ಕೆಲಸ ಹಂಚುವಾಗ ಮನುವಿನ ಹಳೆಯ ಲೆಕ್ಕದ ಪುಸ್ತಕವನ್ನೇ ತೆಗೆದರು. ಕೊನೆಗೆ ಬೇಲಿ ಹಾಕುತ್ತಾರೆ. ಮೇಕೆ ಕಾಯುವ ಮುದುಕನಿಗೆ "ಏಯ್, ಇದು ಸಂರಕ್ಷಿತ ಪ್ರದೇಶ" ಅಂತ ಗದರುತ್ತಾರೆ. ಟಿಕೆಟ್ಟು ತಂದವನಿಗೆ ಅದೇ ಬೇಲಿಯ ಬಾಗಿಲು ತೆಗೆಯುತ್ತಾರೆ. ಮುದುಕನನ್ನು ತಡೆಯುವ ಬೇಲಿ ಟಿಕೆಟ್ಟಿನವನನ್ನೂ ತಡೆದರೆ ಅದನ್ನು ಸಂರಕ್ಷಣೆ ಅನ್ನೋಣ. ಮುದುಕನನ್ನು ಮಾತ್ರ ತಡೆದರೆ ಅದಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಹೆಸರಿದೆ. ಆ ಹೆಸರು ನಮ್ಮ ಮೈಗೆ ಗೊತ್ತು.

ಹಾಗೆಂದು ನಾವು ಶುದ್ಧರೆಂದು ಎದೆ ತಟ್ಟಿಕೊಳ್ಳುವಂತಿಲ್ಲ. ಬಂಡೆಗಳ ಮೇಲೆ ಸುಣ್ಣದಲ್ಲಿ ಹುಡುಗಿಯ ಹೆಸರು, ಪಕ್ಷದ ಗುರುತು ಬರೆದವರಲ್ಲಿ ನಮ್ಮ ಹುಡುಗರೂ ಇದ್ದಾರೆ. ದಮ್ಮು ಕಾಯಿಲೆಗೆ ಮದ್ದು ಅಂತ ಬಾವಲಿ ಹಿಡಿದು ಬೇಯಿಸಿದ್ದು ನಮಗೆ ಗೊತ್ತು. ಅದರಿಂದ ದಮ್ಮು ಹೋಗುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ಟಿವಿಯವರ ಮಾತು ಕೇಳಿ ದೇಶದ ಅಲ್ಲಲ್ಲಿ ಬಾವಲಿಗಳನ್ನು ಹೊಡೆದರು, ಓಡಿಸಿದರು. ಆಗ ನಾವು ಎಷ್ಟು ಜನ ಅಡ್ಡ ನಿಂತೆವು? ಮುಟ್ಟಿದರೆ ಮೈಲಿಗೆ, ಮುಟ್ಟಿದರೆ ರೋಗ ಅನ್ನುವ ಮಾತನ್ನು ಶತಮಾನಗಳಿಂದ ಕೇಳಿಸಿಕೊಂಡ ನಾವೇ ಇನ್ನೊಂದು ಜೀವಕ್ಕೆ ಅದನ್ನು ತಿರುಗಿಸಿ ಹೇಳಿದ್ದೇವೆ. ಇದು ನಮಗೆ ನಾಚಿಕೆಯಾಗಬೇಕಾದ ವಿಷಯ. ಯಾರೋ ದೊಡ್ಡವರು ನೋಡುತ್ತಾರೆಂದಲ್ಲ, ಅಜ್ಜಿಯ ಕಥೆಯನ್ನು ನಾವು ಮರೆತಿದ್ದಕ್ಕೆ.

ಹಾಗಾದರೆ ಏನು ಮಾಡೋಣ? ಕಾನೂನು ಪುಸ್ತಕದಲ್ಲಿ ನಮಗೆ ಬೇಕಾದ ಆಯುಧ ಇದೆ. ಯಾರೂ ನಮಗೆ ಓದಿ ಹೇಳಿಲ್ಲ, ಅಷ್ಟೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು, ಶೇಕಡ 18ಕ್ಕೆ ಕಡಿಮೆಯಿಲ್ಲದಂತೆ ಪರಿಶಿಷ್ಟರು ಇರಬೇಕೆಂದು 2004ರ ನಿಯಮ ಹೇಳಿತು. ನಿಮ್ಮ ಪಂಚಾಯ್ತಿಗೆ ಹೋಗಿ ಕೇಳಿ: ಆ ಸಮಿತಿ ಎಲ್ಲಿದೆ? ಆ ಕುರ್ಚಿಗಳಲ್ಲಿ ಯಾರು ಕೂತಿದ್ದಾರೆ? ಅದೇ ಕಾಯ್ದೆಯ 37ನೇ ಕಲಮಿನಲ್ಲಿ ಪಾರಂಪರಿಕ ತಾಣಗಳನ್ನು ಘೋಷಿಸುವ ಮಾತಿದೆ. ಸ್ಥಳೀಯ ಸಂಸ್ಥೆಯನ್ನು ಕೇಳಿಯೇ ಘೋಷಿಸಬೇಕು. ಘೋಷಣೆಯಿಂದ ಯಾರ ಅನ್ನ ಹೋಗುತ್ತದೋ ಅವರಿಗೆ ಪರಿಹಾರ ಇಲ್ಲವೆ ಪುನರ್ವಸತಿಯ ಯೋಜನೆಯನ್ನು ರಾಜ್ಯ ಸರ್ಕಾರ ಮಾಡಬೇಕು. ಇದು ಭಿಕ್ಷೆಯಲ್ಲ, ಕಾಯ್ದೆಯ ಮಾತು. ಅಂತರಗಂಗೆ ಬೆಟ್ಟವನ್ನು ಹೀಗೆ ಪಾರಂಪರಿಕ ತಾಣವಾಗಿಸುವ ತೀರ್ಮಾನ 2021ರಲ್ಲೇ ರಾಜ್ಯದ ಜೀವವೈವಿಧ್ಯ ಮಂಡಳಿಯ ಮುಂದೆ ಬಂದಿತ್ತು. ಬೆಟ್ಟದ ಬುಡದ ಕೇರಿಗಳಿಗೆ ಯಾರಾದರೂ ಬಂದು ಒಂದು ಮಾತು ಕೇಳಿದರೆ?

ನಮ್ಮ ಒತ್ತಾಯಗಳು ಇವು.

ಹನುಮನಹಳ್ಳಿಯ ಗುಹೆಗೆ ಪ್ರವಾಸಿ ಬೇಡ. ಮಂತ್ರಿ ಬಂದರೂ ಬೇಡ, ಕವಿ ಬಂದರೂ ಬೇಡ. ಅಧ್ಯಯನಕ್ಕೆ ಬರುವವರು ಊರಿಗೆ ತಿಳಿಸಿ ಬರಲಿ, ಕಂಡದ್ದನ್ನು ಕನ್ನಡದಲ್ಲಿ ಗ್ರಾಮಸಭೆಗೆ ಹೇಳಿ ಹೋಗಲಿ.

ಗುಹೆಯ ಕಾವಲು ಕಲ್ಲು ಕೂಲಿಗಳದು, ಮೇಕೆ ಕಾಯುವವರದು ಆಗಲಿ. ಗುತ್ತಿಗೆಯಲ್ಲ, ತಿಂಗಳ ಸಂಬಳದ ಖಾಯಂ ಕೆಲಸ. ಯಾವ ಬಂಡೆಗೆ ಎಲ್ಲಿ ಪೆಟ್ಟು ಬೀಳುತ್ತಿದೆ ಅಂತ ಸದ್ದಿನಲ್ಲೇ ಹೇಳಬಲ್ಲವರು ಅವರು.

ಅಂತರಗಂಗೆ ತೇರಹಳ್ಳಿಯ ಯಾವ ಸಂದು ತೆರೆಯಬೇಕು, ಯಾವುದು ಮುಚ್ಚಬೇಕು, ವರ್ಷದ ಯಾವ ತಿಂಗಳು ಯಾರೂ ಹೋಗಬಾರದು ಅನ್ನುವುದನ್ನು ಬಾವಲಿ ಬಲ್ಲವರನ್ನು ಕೂರಿಸಿಕೊಂಡು ಸ್ಥಳೀಯ ಸಮಿತಿ ತೀರ್ಮಾನಿಸಲಿ. ದಾರಿ ತೋರಿಸುವವರು ಇಲ್ಲಿಯವರೇ ಆಗಲಿ. ಬಂದ ಹಣ ಪಂಚಾಯ್ತಿಗೆ ಬರಲಿ. ಮೊದಲ ಖರ್ಚು ಕೇರಿಯ ಸ್ಮಶಾನದ ದಾರಿಗೆ.

ಕದ್ದು ಬಂಡೆ ಒಡೆದರೆ ಮೊದಲನೆಯ ಆರೋಪಿ ಬಂಡೆ ಕೊಂಡವನು. ಕೂಲಿಯವನು ಸಾಕ್ಷಿ.

ಹಳ್ಳಿ ಮೇಷ್ಟ್ರುಗಳೇ, ನಿಮ್ಮಲ್ಲೊಂದು ಮಾತು. ಮಕ್ಕಳನ್ನು ಗುಹೆಯೊಳಗೆ ಕರೆದೊಯ್ಯಬೇಡಿ. ನಿಮ್ಮೂರಿನ ಹಾಳು ಮಂಟಪ, ಬಂಡೆ ಸಂದು ಯಾವುದಾದರೂ ಇದ್ದರೆ, ಸಂಜೆ ದೂರದಲ್ಲಿ ಕೂರಿಸಿ. ದೀಪ ಬೇಡ, ಕೂಗು ಬೇಡ. ಹೊರಬರುವ ಬಾವಲಿಗಳನ್ನು ಎಣಿಸಲು ಹೇಳಿ. ಮುಂದಿನ ವರ್ಷ ಮತ್ತೆ ಎಣಿಸಲಿ. ಕೇರಿಯ ಮಗು, ಊರಿನ ಮಗು ಒಂದೇ ಬಂಡೆಯ ಮೇಲೆ ಪಕ್ಕಪಕ್ಕದಲ್ಲಿ ಕೂತು ಎಣಿಸಲಿ. ಹಾಸ್ಟೆಲಿನ ವಿದ್ಯಾರ್ಥಿ ಗೆಳೆಯರೇ, ನೀವು ಊರಿಗೆ ಹೋದಾಗ ಪಂಚಾಯ್ತಿಯಲ್ಲಿ ಸಮಿತಿಯ ಸದಸ್ಯರ ಪಟ್ಟಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಬರೆಯಿರಿ. ಬಂದ ಉತ್ತರವನ್ನು ಈ ಪತ್ರಿಕೆಗೆ ಕಳಿಸಿ.

ನಮ್ಮ ಕಡೆಯ ಮಾತನ್ನೂ ಕೊಟ್ಟುಬಿಡುತ್ತೇವೆ. ಹೊಗೆ ಹಾಕುವುದಿಲ್ಲ, ಕಲ್ಲು ಹೊಡೆಯುವುದಿಲ್ಲ, ಬಂಡೆಯ ಮೇಲೆ ಹೆಸರು ಬರೆಯುವುದಿಲ್ಲ. ಓಡಿಬಂದ ನಮ್ಮವನನ್ನು ಬಾವಲಿ ಮೂರು ರಾತ್ರಿ ಕಾಯಿತಂತೆ. ಅದರ ಮನೆಯನ್ನು ಕಾಯುವ ಸರದಿ ಈಗ ನಮ್ಮದು. ಆದರೆ ಬೇಲಿಯ ಹೊರಗೆ ನಿಂತು ಕಾಯುವುದಿಲ್ಲ. ಬೀಗದ ಕೈ ನಮ್ಮ ಕೈಗೆ ಕೊಡಿ.